ಸಾವಿನ ಮೇಲೂ ಸೆನ್ಸಾರ್: ವಾರ್ಸಾ, ಪ್ರಾಗ್, ಟಿಬೆಟ್

1968ರ ಸೆಪ್ಟೆಂಬರ್ 8ನೇ ತಾರೀಕು ಪೋಲೆಂಡಿನ ರಾಜಧಾನಿ ವಾರ್ಸಾದ ದೊಡ್ಡ ಸ್ಟೇಡಿಯಂನಲ್ಲಿ ಸರ್ಕಾರಿ ಸುಗ್ಗಿ ಹಬ್ಬ ನಡೀತಿತ್ತು. ಹತ್ರ ಹತ್ರ ಒಂದು ಲಕ್ಷ ಜನ ಸೇರಿದ್ರು, ಪಾರ್ಟಿ ಮುಖ್ಯಸ್ಥ ಗೊಮುಲ್ಕಾ ಬಂದಿದ್ರು, ವಿದೇಶಿ ರಾಯಭಾರಿಗಳೂ ಇದ್ರು. ಅಷ್ಟು ಜನರ ನಡುವೆ ರಿಶಾರ್ಡ್ ಶಿವ್ಯೆಟ್ಸ್ ಅನ್ನೋ 59 ವರ್ಷದ ಅಕೌಂಟೆಂಟ್, ಐದು ಮಕ್ಕಳ ತಂದೆ, ಮೈಗೆ ಬೆಂಕಿ ಹಚ್ಕೊಂಡ್ರು. ಮೂರು ವಾರದ ಹಿಂದಷ್ಟೇ ಸೋವಿಯತ್ ಸೇನೆ, ಅಲ್ಲಿ ಶುರುವಾಗಿದ್ದ ಸುಧಾರಣೆಗಳನ್ನ ಹತ್ತಿಕ್ಕೋಕೆ, ಚೆಕೋಸ್ಲೊವಾಕಿಯಾದ ಒಳಗೆ ನುಗ್ಗಿತ್ತು, ಆ ದಾಳಿಯಲ್ಲಿ ಪೋಲೆಂಡ್ ಸೇನೆಯೂ ಇತ್ತು, ಅದನ್ನ ತಮ್ಮ ದೇಶದ ಪ್ರಜೆಯಾಗಿ ಒಪ್ಪೋಕೆ ಆಗಲ್ಲ ಅಂತ ಅವರು ಮೊದಲೇ ಟೇಪಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ರು. ನಾಲ್ಕು ದಿನ ಆದಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಸ್ಟೇಡಿಯಂನಲ್ಲಿ ಹಾಡು ಕುಣಿತ ನಿಲ್ಲಲೇ ಇಲ್ಲ, ಮಾರನೇ ದಿನದ ಪೇಪರಲ್ಲಿ ಹಬ್ಬದ ಸುದ್ದಿ ಬಂತು, ಇವರ ಸುದ್ದಿ ಒಂದು ಸಾಲೂ ಬರಲಿಲ್ಲ. ಹೆಂಡತಿಗೆ ಅಂತ ರೈಲಿನಲ್ಲಿ ಕೂತು ಬರೆದ ಕಾಗದವನ್ನ ಗುಪ್ತ ಪೊಲೀಸರು ದಾರಿಯಲ್ಲೇ ಎತ್ತಿಟ್ಕೊಂಡ್ರು, ಆಕೆ ಅದನ್ನ ನೋಡೋಕೆ ಕಮ್ಯುನಿಸ್ಟ್ ಸರ್ಕಾರ ಬೀಳೋವರೆಗೂ ಕಾಯಬೇಕಾಯ್ತು.

ಇದಾಗಿ ನಾಲ್ಕೇ ತಿಂಗಳಿಗೆ, 1969ರ ಜನವರಿ 16ಕ್ಕೆ, ಚೆಕೋಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ 20 ವರ್ಷದ ವಿದ್ಯಾರ್ಥಿ ಯಾನ್ ಪಾಲಾಖ್ ಇದೇ ಕೆಲಸ ಮಾಡಿದ. ಮೂರು ದಿನಕ್ಕೆ ತೀರಿಹೋದ. ಅವನ ಹೆಸರು ಇಡೀ ಜಗತ್ತಿಗೆ ಗೊತ್ತಾಯ್ತು, ಶವಯಾತ್ರೆಗೆ ಪ್ರಾಗ್ ಬೀದಿಗಳು ತುಂಬಿಹೋದವು, ಇವತ್ತಿಗೂ ಅಲ್ಲಿ ಅವನ ಹೆಸರಿನ ಚೌಕ ಇದೆ.

ಕಾರಣ ಒಂದೇ, ಪ್ರತಿಭಟನೆಯ ರೀತಿ ಒಂದೇ, ಮಧ್ಯದಲ್ಲಿ ನಾಲ್ಕು ತಿಂಗಳು ಅಷ್ಟೇ. ಮತ್ತೆ ಒಬ್ಬರನ್ನ ಜಗತ್ತು ಕೇಳಿಸಿಕೊಂಡು ಇನ್ನೊಬ್ಬರನ್ನ ಯಾಕೆ ಕೇಳಿಸಿಕೊಳ್ಳಲಿಲ್ಲ? ಈ ಲೇಖನ ಪೂರ್ತಿ ಇರೋದು ಈ ಪ್ರಶ್ನೆ ಮೇಲೇ, ಯಾಕಂದ್ರೆ ಇದು ಹಳೇ ಯುರೋಪಿನ ಕಥೆಯಾಗಿ ಮುಗಿದಿಲ್ಲ, ಟಿಬೆಟ್‌ನಲ್ಲಿ 2009ರಿಂದ ಈಚೆಗೆ 150ಕ್ಕೂ ಹೆಚ್ಚು ಜನ ಹೀಗೆ ಮಾಡಿದ್ದಾರೆ, ಅವರಲ್ಲಿ ಒಬ್ಬರ ಹೆಸರನ್ನಾದ್ರೂ ನಮ್ಮಲ್ಲಿ ಎಷ್ಟು ಜನ ಹೇಳಬಲ್ರು.

ಮುಂದೆ ಹೋಗೋ ಮೊದಲು ಒಂದು ಮಾತು. ಸಾವನ್ನ ಹೊಗಳೋಕೆ ನಾನಿದನ್ನ ಬರೀತಿಲ್ಲ. ಯಾವ ಜೀವವೂ ಹೀಗೆ ಹೋಗಬಾರದಿತ್ತು ಅನ್ನೋದು ನನ್ನ ಗಟ್ಟಿ ನಂಬಿಕೆ. ಓದ್ತಾ ಇರೋರಲ್ಲಿ ಯಾರಿಗಾದ್ರೂ ಮನಸ್ಸು ತೀರಾ ಕುಗ್ಗಿದ್ರೆ ದಯವಿಟ್ಟು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಪಾಲಾಖ್ ವಿಷಯಕ್ಕೆ ಬರೋಣ. ಅವನ ಕಾಗದದಲ್ಲಿದ್ದ ಬೇಡಿಕೆ ಎರಡೇ. ಒಂದು, ಸೆನ್ಸಾರ್‌ಶಿಪ್ ತಕ್ಷಣ ತೆಗೀಬೇಕು. ಎರಡು, ದಾಳಿ ಮಾಡಿದ ಸೇನೆಯವರು ಹಂಚ್ತಿದ್ದ ಝ್ಪ್ರಾವಿ ಅನ್ನೋ ಪ್ರಚಾರ ಪತ್ರಿಕೆ ನಿಲ್ಲಬೇಕು. ರಷ್ಯನ್ನರು ದೇಶ ಬಿಟ್ಟು ಹೋಗಲಿ ಅಂತ ಆ ಪಟ್ಟಿಯಲ್ಲಿ ಇರಲಿಲ್ಲ. ಅವನಿಗೆ ಚಿಕಿತ್ಸೆ ಕೊಟ್ಟ ತಂಡದಲ್ಲಿದ್ದ ಡಾಕ್ಟರ್ ಯಾರೋಸ್ಲಾವಾ ಮೋಸೆರೋವಾ ಆಮೇಲೆ ಹೇಳಿದ್ದು ಏನಂದ್ರೆ, ಅವನ ಸಿಟ್ಟು ಟ್ಯಾಂಕುಗಳ ಮೇಲೆ ಇದ್ದದ್ದಕ್ಕಿಂತ ಜಾಸ್ತಿ ಜನ ಅದಕ್ಕೆ ಒಗ್ಗಿಹೋಗ್ತಿರೋದರ ಮೇಲಿತ್ತು ಅಂತ. ಆಗಸ್ಟ್‌ನಲ್ಲಿ ಟ್ಯಾಂಕುಗಳ ಮುಂದೆ ನಿಂತು ಜಗಳ ಆಡಿದ ಅದೇ ಜನ ಜನವರಿ ಹೊತ್ತಿಗೆ ತಲೆ ತಗ್ಗಿಸಿ ಆಫೀಸಿಗೆ ಹೋಗಿ ಬರೋಕೆ ಶುರು ಮಾಡಿದ್ರು, ಹೆದರಿಕೆಗಿಂತ ಸುಸ್ತು ಜಾಸ್ತಿ ಆಗಿತ್ತು, ಆ ಸುಸ್ತನ್ನ ಅಲುಗಾಡಿಸಬೇಕು ಅನ್ನೋದು ಆ ಹುಡುಗನ ಲೆಕ್ಕ. ಅಂದ್ರೆ ಅವನು ಮಾತಾಡಿದ್ದು ಮಾಸ್ಕೋ ಜೊತೆ ಅಲ್ಲ, ತನ್ನ ಜನರ ಜೊತೆ.

ತಾನು ಒಂದು ಗುಂಪಿನವನು, ಬೇಡಿಕೆ ಈಡೇರದಿದ್ರೆ ಇನ್ನೂ ಹಲವರು ಸಿದ್ಧ ಇದ್ದಾರೆ ಅಂತ ಬರೆದಿದ್ದ. ಆ ಗುಂಪು ನಿಜವಾಗ್ಲೂ ಇತ್ತು ಅನ್ನೋದಕ್ಕೆ ಇವತ್ತಿನವರೆಗೂ ಯಾವ ಪುರಾವೆಯೂ ಸಿಕ್ಕಿಲ್ಲ. ಆದ್ರೆ ಆಸ್ಪತ್ರೆಯಲ್ಲಿ ಕೊನೆಗೆ ಅವನು ಹೇಳಿ ಕಳಿಸಿದ್ದು ಬೇರೆ ಮಾತು, ಇನ್ಯಾರೂ ಹೀಗೆ ಮಾಡಬೇಡಿ, ಬದುಕಿದ್ದುಕೊಂಡೇ ಹೋರಾಡಿ ಅಂತ. ಈ ಮಾತು ಅವನ ಬೆಂಕಿಯಷ್ಟು ದೂರ ಹೋಗಲಿಲ್ಲ, ನನಗೆ ತುಂಬಾ ಸಂಕಟ ಆಗೋ ಭಾಗ ಇದೇ. ಫೆಬ್ರವರಿ 25ಕ್ಕೆ 18 ವರ್ಷದ ಯಾನ್ ಝಾಯಿತ್ಸ್ ಅದೇ ಚೌಕದಲ್ಲಿ ಸತ್ತ, ಏಪ್ರಿಲ್‌ನಲ್ಲಿ ಯಿಹ್ಲಾವಾ ಊರಿನಲ್ಲಿ ಎವ್ಜೆನ್ ಪ್ಲೋಚೆಕ್, ಅವರು ಸ್ವತಃ ಕಮ್ಯುನಿಸ್ಟ್ ಪಾರ್ಟಿ ಸದಸ್ಯರು. ಬುಡಾಪೆಸ್ಟ್‌ನಲ್ಲಿ ಸಾಂಡೋರ್ ಬಾವರ್ ಅನ್ನೋ ಹದಿಹರೆಯದ ಹುಡುಗ ಪಾಲಾಖ್ ಸತ್ತ ಮಾರನೇ ದಿನವೇ.

ಈಗ ಮೊದಲ ಪ್ರಶ್ನೆ. ವಾರ್ಸಾದಲ್ಲಿ ಪಾರ್ಟಿಯ ಹಿಡಿತ ಪೂರ್ತಿ ಬಿಗಿ ಇತ್ತು, ಪೇಪರ್, ರೇಡಿಯೋ, ಆಸ್ಪತ್ರೆ, ಪೊಲೀಸ್ ಎಲ್ಲಾ ಒಂದೇ ಕೈಯಲ್ಲಿ. ಪ್ರಾಗ್‌ನಲ್ಲಿ 1969ರ ಜನವರಿಯಲ್ಲಿ ಹಾಗಿರಲಿಲ್ಲ. ಸೇನೆ ಬಂದು ಕೂತಿತ್ತು ನಿಜ, ಆದ್ರೆ ಸುಧಾರಣೆ ಶುರು ಮಾಡಿದ್ದ ದುಬ್ಚೆಕ್ ಇನ್ನೂ ಪಾರ್ಟಿ ಮುಖ್ಯಸ್ಥ ಸ್ಥಾನದಲ್ಲಿದ್ರು (ಏಪ್ರಿಲ್‌ನಲ್ಲಿ ಅವರನ್ನ ಇಳಿಸಿ ಹುಸಾಕ್‌ನ ಕೂರಿಸಿದ್ರು), ಪತ್ರಕರ್ತರಿಗೆ ಇನ್ನೂ ಅರ್ಧ ಉಸಿರಿತ್ತು, ವಿದ್ಯಾರ್ಥಿ ಸಂಘಗಳು ಇನ್ನೂ ಬದುಕಿದ್ವು, ಯೂನಿವರ್ಸಿಟಿ ಅಂಗಳದಲ್ಲಿ ಶವಪೆಟ್ಟಿಗೆ ಇಟ್ಟು ಜನರಿಗೆ ದರ್ಶನಕ್ಕೆ ಬಿಡೋಕೆ ಆಯ್ತು. ಆ ಸಣ್ಣ ಸಂದಿಯಲ್ಲಿ ಸುದ್ದಿ ಹೊರಗೆ ಹೋಯ್ತು. ಶಿವ್ಯೆಟ್ಸ್ ಸುದ್ದಿ ಹೊರಗಿನ ರೇಡಿಯೋದಲ್ಲಿ ಬಂದಿದ್ದೂ ಪಾಲಾಖ್ ಆದಮೇಲೇನೇ. ಹಾಗಾಗಿ ಯಾರ ತ್ಯಾಗ ದೊಡ್ಡದು ಅಂತ ತೂಗೋದ್ರಲ್ಲಿ ಅರ್ಥ ಇಲ್ಲ, ಸಾಯೋರ ಧೈರ್ಯ ಎಷ್ಟಿದ್ರೂ ಅವರ ಮಾತು ಮುಂದಿನ ಬೀದಿಗೆ ತಲುಪುತ್ತಾ ಇಲ್ವಾ ಅನ್ನೋದು ಆ ಸರ್ಕಾರದಲ್ಲಿ ಆ ಹೊತ್ತಿಗೆ ಎಷ್ಟು ಬಿರುಕು ಇದೆ ಅನ್ನೋದರ ಮೇಲೆ ನಿಂತಿರುತ್ತೆ.

ಸರ್ಕಾರಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರ ನಿಜವಾದ ಕೆಲಸ ಶುರು ಆಗ್ತಿದ್ದದ್ದು ಮನುಷ್ಯ ಸತ್ತ ಮೇಲೆ. ಪಾಲಾಖ್‌ನ ಕೇಸಿನಲ್ಲಿ ವಿಲೆಮ್ ನೋವಿ ಅನ್ನೋ ಪಾರ್ಟಿ ಎಂಪಿ ಒಂದು ಕಥೆ ಹಬ್ಬಿಸಿದ್ರು, ಸುಡದೇ ಇರೋ ತಣ್ಣನೆ ಬೆಂಕಿ ಅಂತ ನಂಬಿಸಿ ಯಾರೋ ಹುಡುಗನಿಗೆ ಮೋಸ ಮಾಡಿದ್ರು, ಪಾಪ ಅವನಿಗೆ ಸಾಯೋ ಉದ್ದೇಶವೇ ಇರಲಿಲ್ಲ ಅಂತ. ಯೋಚನೆ ಮಾಡಿ ನೋಡಿ, ಈ ಒಂದು ಸುಳ್ಳು ನಿಂತರೆ ಅವನ ಕಾಗದ, ಬೇಡಿಕೆ, ಇಡೀ ಪ್ರತಿಭಟನೆ ಎಲ್ಲಾ ಒಂದು ಕೆಟ್ಟ ಅಪಘಾತ ಆಗಿಬಿಡುತ್ತೆ. ಪಾಲಾಖ್ ತಾಯಿ ಲಿಬುಶೆ ಸುಮ್ಮನಿರಲಿಲ್ಲ, ದಾಗ್ಮಾರ್ ಬುರೆಶೋವಾ ಅನ್ನೋ ವಕೀಲೆಯನ್ನ ಇಟ್ಕೊಂಡು ಮಾನನಷ್ಟ ಕೇಸ್ ಹಾಕಿದ್ರು. ಸೋತ್ರು. ಸೋಲ್ತೀವಿ ಅಂತ ಇಬ್ಬರಿಗೂ ಗೊತ್ತಿರಲೇಬೇಕು, ಆದ್ರೂ ಕೋರ್ಟಿನ ದಾಖಲೆಯಲ್ಲಿ ಮಗನ ಪರ ಒಂದು ಮಾತು ಉಳೀಲಿ ಅಂತ ಹೋದ ಆ ತಾಯಿಯನ್ನ ನೆನೆಸಿಕೊಂಡ್ರೆ ನನಗೆ ಮಗನಷ್ಟೇ ದೊಡ್ಡವರಾಗಿ ಕಾಣ್ತಾರೆ. ಬುರೆಶೋವಾ 1989ರ ನಂತರ ಚೆಕ್ ಸರ್ಕಾರದಲ್ಲಿ ನ್ಯಾಯ ಮಂತ್ರಿ ಆದ್ರು.

ಇಷ್ಟಕ್ಕೂ ಮುಗೀಲಿಲ್ಲ. ಓಲ್ಶಾನಿ ಸ್ಮಶಾನದಲ್ಲಿದ್ದ ಪಾಲಾಖ್ ಸಮಾಧಿಗೆ ಜನ ಹೂವು, ಮೇಣದಬತ್ತಿ ಇಡೋಕೆ ಬರ್ತಾನೇ ಇದ್ರು. 1973ರಲ್ಲಿ ಗುಪ್ತ ಪೊಲೀಸರು ಆ ಶವವನ್ನೇ ತೆಗೆಸಿ, ಸುಡಿಸಿ, ಬೂದಿಯನ್ನ ತಾಯಿ ಕೈಗೆ ಕೊಟ್ರು. ಖಾಲಿಯಾದ ಜಾಗದಲ್ಲಿ ವೃದ್ಧಾಶ್ರಮದಲ್ಲಿ ತೀರಿಕೊಂಡಿದ್ದ, ಇದಕ್ಕೂ ತನಗೂ ಸಂಬಂಧವೇ ಇಲ್ಲದ ಒಬ್ಬ ಮುದುಕಿಯನ್ನ ಹೂಳಿದ್ರು. ಜನ ಏನು ಮಾಡಿದ್ರು ಅಂದ್ರೆ ಆ ಸಮಾಧಿಗೂ ಹೂವು ತಗೊಂಡು ಹೋದ್ರು. ಪಾಲಾಖ್‌ನ ಬೂದಿ ಓಲ್ಶಾನಿಗೆ ವಾಪಸ್ ಬಂದಿದ್ದು 1990ರಲ್ಲಿ. ಅದಕ್ಕೂ ಮೊದಲು, 1989ರ ಜನವರಿಯಲ್ಲಿ, ಅವನು ಸತ್ತು 20 ವರ್ಷ ಆಯ್ತು ಅಂತ ಜನ ಚೌಕದಲ್ಲಿ ಸೇರಿದಾಗ ಪೊಲೀಸರು ಒಂದು ವಾರ ಲಾಠಿ, ವಾಟರ್ ಕ್ಯಾನನ್ ಬಳಸಿದ್ರು, ಹೂವು ಇಡೋಕೆ ಬಂದಿದ್ದ ನಾಟಕಕಾರ, ಭಿನ್ನಮತೀಯ ವಾತ್ಸ್ಲಾವ್ ಹಾವೆಲ್‌ನ ಹಿಡಿದು ಜೈಲಿಗೆ ಹಾಕಿದ್ರು. ಆ ವರ್ಷ ಮುಗಿಯೋದ್ರೊಳಗೆ ಅದೇ ಹಾವೆಲ್ ರಾಷ್ಟ್ರಾಧ್ಯಕ್ಷ. ಪಾಲಾಖ್‌ನಿಂದಲೇ ಸರ್ಕಾರ ಬಿತ್ತು ಅಂತ ಹೇಳೋಕಾಗಲ್ಲ, ಸೋವಿಯತ್ ನಾಯಕ ಗೋರ್ಬಚೆವ್ ಇಲ್ಲದೆ, ಪೂರ್ವ ಜರ್ಮನಿ ಅಲ್ಲಾಡದೆ ಅದು ಆಗ್ತಿರಲಿಲ್ಲ, ಆದ್ರೆ ಜನ ಸೇರೋಕೆ ಒಂದು ತಾರೀಕು, ಒಂದು ಜಾಗ, ಒಂದು ಹೆಸರು ಬೇಕಿತ್ತು, ಅದು ಅಲ್ಲಿತ್ತು.

ಸೋವಿಯತ್ ಒಕ್ಕೂಟದ ಒಳಗೆ ಬಳಸಿದ ಆಯುಧ ಬೇರೆ, ಅದು ಡಾಕ್ಟರ ಸರ್ಟಿಫಿಕೇಟ್. ಲಿಥುವೇನಿಯಾದ ಕೌನಾಸ್ ಊರಲ್ಲಿ 1972ರ ಮೇ 14ಕ್ಕೆ 19 ವರ್ಷದ ರೋಮಾಸ್ ಕಲಾಂತಾ ಥಿಯೇಟರ್ ಪಕ್ಕದ ಪಾರ್ಕಿನಲ್ಲಿ ಬೆಂಕಿ ಹಚ್ಕೊಂಡ, ನನ್ನ ಸಾವಿಗೆ ಈ ವ್ಯವಸ್ಥೆಯನ್ನ ಬಿಟ್ಟು ಇನ್ಯಾರನ್ನೂ ದೂರಬೇಡಿ ಅಂತ ಅವನ ನೋಟ್‌ಬುಕ್‌ನಲ್ಲಿತ್ತು. ಹೇಳಿದ್ದ ಟೈಮಿಗಿಂತ ಮೊದಲೇ ಶವಸಂಸ್ಕಾರ ಮುಗಿಸಿಬಿಡಿ ಅಂತ ಮನೆಯವರ ಮೇಲೆ ಒತ್ತಡ ಹಾಕಿದ್ರು, ಬಂದ ಜನ ರೊಚ್ಚಿಗೆದ್ದು ಎರಡು ದಿನ ಊರೆಲ್ಲಾ ಬೀದಿಗಿಳಿದ್ರು, ನೂರಾರು ಜನ ಅರೆಸ್ಟ್ ಆದ್ರು. ಆಮೇಲೆ ಮನೋವೈದ್ಯರ ಒಂದು ಕಮಿಟಿ ಕೂರಿಸಿ, ಸತ್ತುಹೋದ ಹುಡುಗನಿಗೆ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಇತ್ತು ಅಂತ ಬರೆಸಿದ್ರು. ಬದುಕಿದ್ದಾಗ ಅವನನ್ನ ಯಾವ ಮನೋವೈದ್ಯರೂ ನೋಡಿರಲಿಲ್ಲ ಅನ್ನೋದು ಅವರಿಗೆ ಅಡ್ಡಿ ಆಗಲಿಲ್ಲ. ಆ ಕಾಲದ ಸೋವಿಯತ್ ಮನೋವೈದ್ಯದಲ್ಲಿ ನಿಧಾನಗತಿಯ ಸ್ಕಿಜೋಫ್ರೇನಿಯಾ ಅಂತಲೇ ಒಂದು ಕಾಯಿಲೆ ಮಾಡಿಟ್ಟಿದ್ರು, ಹೊರಗೆ ಲಕ್ಷಣ ಕಾಣದಿದ್ರೂ ಪರವಾಗಿಲ್ಲ, ಸಮಾಜ ಸುಧಾರಿಸಬೇಕು ಅನ್ನೋ ಹಠ ಇದ್ರೆ ಸಾಕು, ಎಷ್ಟೋ ಭಿನ್ನಮತೀಯರನ್ನ ಇದೇ ಹೆಸರಲ್ಲಿ ಆಸ್ಪತ್ರೆಗೆ ಕೂಡಿಹಾಕಿದ್ರು. 1989ರಲ್ಲಿ ಲಿಥುವೇನಿಯಾದ ಇನ್ನೊಂದು ಕಮಿಟಿ ಕಲಾಂತಾ ಮೇಲಿದ್ದ ಆ ಹಣೆಪಟ್ಟಿ ತೆಗೀತು.

ಪೂರ್ವ ಜರ್ಮನಿಯಲ್ಲೂ ಇದೇ. 1976ರ ಆಗಸ್ಟ್‌ನಲ್ಲಿ ತ್ಸೈಟ್ಸ್ ಊರಿನ ಚರ್ಚ್ ಮುಂದೆ ಪಾದ್ರಿ ಓಸ್ಕರ್ ಬ್ರೂಸೆವಿಟ್ಸ್, ಶಾಲೆಗಳಲ್ಲಿ ಮಕ್ಕಳ ಮೇಲೆ ನಡೀತಿದ್ದ ದಬ್ಬಾಳಿಕೆ ಬಗ್ಗೆ ಬೋರ್ಡ್ ಇಟ್ಟು ಬೆಂಕಿ ಹಚ್ಕೊಂಡ್ರು, ಪಾರ್ಟಿ ಪತ್ರಿಕೆ ಅವರನ್ನ ತಲೆ ಸರಿಯಿಲ್ಲದ ಮನುಷ್ಯ ಅಂತ ಬರೀತು. ಆದ್ರೆ ಪಕ್ಕದಲ್ಲೇ ಪಶ್ಚಿಮ ಜರ್ಮನಿ ಟಿವಿ ಇತ್ತು, ಜನ ಮನೇಲಿ ಕೂತು ಅದನ್ನ ನೋಡ್ತಿದ್ರು, ಹಾಗಾಗಿ ಮುಚ್ಚೋಕೆ ಆಗಲಿಲ್ಲ. ಉಕ್ರೇನ್‌ನ ಒಲೆಕ್ಸಾ ಹಿರ್ನಿಕ್‌ಗೆ ಅಂಥ ಪಕ್ಕದ ಮನೆ ಇರಲಿಲ್ಲ. ರಷ್ಯನ್ ಭಾಷೆ ಹೇರಿಕೆ ವಿರುದ್ಧ ನೂರಾರು ಕರಪತ್ರ ಕೈಯಲ್ಲೇ ಬರೆದು, 1978ರ ಜನವರಿಯಲ್ಲಿ ಕಾನಿವ್‌ನಲ್ಲಿ, ಉಕ್ರೇನಿಯನ್ ಮಹಾಕವಿ ತರಾಸ್ ಶೆವ್ಚೆಂಕೊ ಸಮಾಧಿ ಹತ್ರ ಅವರು ಪ್ರಾಣ ಬಿಟ್ರು. ಬೆಳಗಾಗೋದ್ರೊಳಗೆ ಸೋವಿಯತ್ ಗುಪ್ತ ಪೊಲೀಸ್ ಕೆಜಿಬಿಯವರು ಬಂದು ಸಿಕ್ಕ ಕರಪತ್ರ ಎಲ್ಲಾ ಆರಿಸ್ಕೊಂಡು ಹೋದ್ರು. ತಾಯ್ನುಡಿಗೋಸ್ಕರ ಸತ್ತ ಆ ಮನುಷ್ಯನ ಬಗ್ಗೆ ಅವರ ನಾಡಿನವರಿಗೇ ಬಾಯಿಬಿಟ್ಟು ಮಾತಾಡೋಕೆ ವರ್ಷಗಟ್ಟಲೆ ಆಗಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಕ್ರೈಮಿಯಾದಲ್ಲಿ ಮೂಸಾ ಮಾಮುತ್. 1944ರಲ್ಲಿ ಸ್ಟಾಲಿನ್ ಇಡೀ ಕ್ರೈಮಿಯನ್ ತಾತಾರ್ ಜನಾಂಗವನ್ನೇ ಎಬ್ಬಿಸಿ ಮಧ್ಯ ಏಷ್ಯಾಕ್ಕೆ ಅಟ್ಟಿದಾಗ ಹೋಗಿದ್ದ ಮಗು ಅದು, ದೊಡ್ಡವನಾಗಿ ಹೆಂಡತಿ ಮಕ್ಕಳ ಜೊತೆ ಹುಟ್ಟೂರಿನ ಕಡೆ ವಾಪಸ್ ಬಂದು ಮನೆ ತಗೊಂಡ್ರೆ ವಾಸದ ಪರ್ಮಿಟ್ ಇಲ್ಲ ಅಂತ ಜೈಲಿಗೆ ಹಾಕಿದ್ರು, ಬಿಡುಗಡೆ ಆಗಿ ಬಂದ ಮೇಲೆ ಮತ್ತೆ ಪೊಲೀಸ್ ಬಾಗಿಲಿಗೆ ಬಂದ ದಿನ ಹೀಗಾಯ್ತು.

ಇಲ್ಲಿ ನಮ್ಮ ಓದುಗರು ಕೇಳೋ ಒಂದು ಪ್ರಶ್ನೆ ಇದೆ, ಉಪವಾಸ ಕೂರಬಹುದಿತ್ತಲ್ವಾ ಅಂತ. ಗಾಂಧಿ, ಪೊಟ್ಟಿ ಶ್ರೀರಾಮುಲು ನೋಡಿದ ದೇಶ ನಮ್ದು, ಕೇಳೋದು ಸಹಜ. ಉಪವಾಸಕ್ಕೆ ದಿನಗಳು ಬೇಕು, ದಿನದಿನವೂ ಸುದ್ದಿ ಮಾಡೋ ಪೇಪರ್ ಬೇಕು, ಬಂದು ಕೂರೋ ಜನ ಬೇಕು, ನಾಚಿಕೆ ಪಡೋ ಒಂದು ಸರ್ಕಾರವೂ ಬೇಕು. 1952ರಲ್ಲಿ ಶ್ರೀರಾಮುಲು ಉಪವಾಸ ಕೂತು ತೀರಿಕೊಂಡಾಗ ನೆಹರೂಗೆ ಆಂಧ್ರ ರಾಜ್ಯ ಘೋಷಿಸದೆ ಬೇರೆ ದಾರಿ ಉಳಿಯಲಿಲ್ಲ. ಸೋವಿಯತ್ ಅಥವಾ ಕ್ಯೂಬಾ ಜೈಲಿನಲ್ಲಿ ಉಪವಾಸ ಅಂದ್ರೆ ಗೋಡೆ ಒಳಗೆ ಯಾರಿಗೂ ಗೊತ್ತಿಲ್ಲದೆ ನಡೆಯೋ ಕೆಲಸ, ಜೊತೆಗೆ ಬಲವಂತವಾಗಿ ಮೂಗಿನ ಕೊಳವೆಯಲ್ಲಿ ಆಹಾರ ಇಳಿಸೋದು. ಕ್ಯೂಬಾದಲ್ಲಿ ರಾಜಕೀಯ ಕೈದಿ ಪೆಡ್ರೊ ಲೂಯಿಸ್ ಬೊಯ್ತೆಲ್ 1972ರಲ್ಲಿ 53 ದಿನ ಉಪವಾಸ ಇದ್ದು ಸತ್ರು, 2010ರಲ್ಲಿ ಒರ್ಲಾಂಡೊ ಸಪಾತಾ. ಸೋವಿಯತ್ ಕಾರ್ಮಿಕ ಅನಾತೊಲಿ ಮಾರ್ಚೆಂಕೊ, ಎಲ್ಲಾ ರಾಜಕೀಯ ಕೈದಿಗಳನ್ನ ಬಿಡಿ ಅಂತ ಚಿಸ್ತೊಪೊಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಉಪವಾಸ ಮಾಡಿ 1986ರ ಡಿಸೆಂಬರ್ 8ಕ್ಕೆ ಸತ್ರು. ಅದಾಗಿ ಎಂಟು ದಿನಕ್ಕೆ ಗೋರ್ಬಚೆವ್ ಫೋನ್ ಮಾಡಿ ಭಿನ್ನಮತೀಯ ವಿಜ್ಞಾನಿ ಸಖಾರೊವ್‌ಗೆ ಗಡೀಪಾರು ಮುಗೀತು, ಮಾಸ್ಕೋಗೆ ಬನ್ನಿ ಅಂದ್ರು, ಮುಂದಿನ ವರ್ಷ ಕೈದಿಗಳ ಬಿಡುಗಡೆ ಶುರು ಆಯ್ತು. ಉಪವಾಸ ಕೂಡ ಫಲ ಕೊಟ್ಟಿದ್ದು ಮಾಸ್ಕೋದಲ್ಲಿ ಮೇಲೆ ಬಿರುಕು ಬಿಟ್ಟ ಮೇಲೇನೇ. ಬೆಂಕಿಗೆ ದಿನಗಳು ಬೇಡ, ಅರೆಸ್ಟ್ ಮಾಡೋಕೆ ಪೊಲೀಸ್‌ಗೆ ಟೈಮ್ ಸಿಗಲ್ಲ, ಜನರ ಕಣ್ಣೆದುರಿಗೇ ಆಗಿಹೋಗುತ್ತೆ. ಬೇರೆ ಎಲ್ಲಾ ದಾರಿಗಳನ್ನ ಮುಚ್ಚಿದ ಸರ್ಕಾರ ಉಳಿಸಿದ್ದು ಅಷ್ಟು ಕ್ರೂರವಾದ ಒಂದೇ ದಾರಿ.

ವಿಯೆಟ್ನಾಂನ ಉದಾಹರಣೆ ನೋಡಿದ್ರೆ ಇದು ಇನ್ನೂ ಸ್ಪಷ್ಟ. 1963ರಲ್ಲಿ ಸೈಗಾನ್‌ನಲ್ಲಿ ಬೌದ್ಧ ಭಿಕ್ಷು ಥಿಕ್ ಕ್ವಾಂಗ್ ಡುಕ್ ಅವರ ಫೋಟೋ ನೀವೆಲ್ಲಾ ನೋಡಿರ್ತೀರಿ, ಅದು ಅಮೆರಿಕ ಬೆಂಬಲ ಇದ್ದ ದಕ್ಷಿಣ ವಿಯೆಟ್ನಾಂನ ಡಿಯೆಮ್ ಸರ್ಕಾರದ ವಿರುದ್ಧ, ವಿದೇಶಿ ಪತ್ರಕರ್ತರಿಗೆ ಮೊದಲೇ ಸುಳಿವು ಕೊಟ್ಟಿದ್ರು, ಫೋಟೋ ಜಗತ್ತೆಲ್ಲಾ ಸುತ್ತಿತು. ಕಮ್ಯುನಿಸ್ಟರು ದಕ್ಷಿಣ ವಿಯೆಟ್ನಾಂ ಗೆದ್ದ ಆರೇ ತಿಂಗಳಿಗೆ, 1975ರ ನವೆಂಬರ್‌ನಲ್ಲಿ, ಕಾನ್ ಥೋ ಪ್ರಾಂತ್ಯದ ಮಠವೊಂದರಲ್ಲಿ 12 ಜನ ಭಿಕ್ಷು ಭಿಕ್ಷುಣಿಯರು ಧಾರ್ಮಿಕ ಸ್ವಾತಂತ್ರ್ಯ ಕೇಳಿ ಒಟ್ಟಿಗೆ ಹೀಗೆ ಮಾಡಿದ್ರು. ಒಬ್ಬರಲ್ಲ, 12 ಜನ. ನೀವು ಇದನ್ನ ಎಲ್ಲಾದ್ರೂ ಓದಿದ್ರಾ?

ಈಗ ಟಿಬೆಟ್. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ನ್ಗಾಬಾ ಅಂತ ಟಿಬೆಟನ್ನರ ಒಂದು ಊರು, ಅಲ್ಲಿ ಕೀರ್ತಿ ಅನ್ನೋ ದೊಡ್ಡ ಮಠ. 2008ರ ಮಾರ್ಚ್‌ನಲ್ಲಿ ಟಿಬೆಟ್ ಪೂರ್ತಿ ಪ್ರತಿಭಟನೆ ಎದ್ದಾಗ ನ್ಗಾಬಾದಲ್ಲಿ ಪೊಲೀಸ್ ಗುಂಡಿಗೆ ಜನ ಸತ್ರು. ಸತ್ತೋರಿಗೋಸ್ಕರ ಮಾಡೋ ಪ್ರಾರ್ಥನೆಯನ್ನೂ ಬೇಡ ಅಂದಾಗ, 2009ರ ಫೆಬ್ರವರಿ 27ಕ್ಕೆ ತಾಪೆ ಅನ್ನೋ ಯುವ ಭಿಕ್ಷು ಬೀದಿಯಲ್ಲಿ ಬೆಂಕಿ ಹಚ್ಕೊಂಡ್ರು, ಟಿಬೆಟ್ ಒಳಗಿನ ಸರಣಿ ಅಲ್ಲಿಂದ ಶುರು. 2011ರ ಮಾರ್ಚ್ 16ಕ್ಕೆ ಅದೇ ಮಠದ ಫುಂತ್ಸೋಗ್. ಆಮೇಲೆ ಮಠಕ್ಕೆ ಸೇನೆ ಸುತ್ತು ಹಾಕಿತು, ನೂರಾರು ಭಿಕ್ಷುಗಳನ್ನ ಬಸ್ಸಿಗೆ ತುಂಬಿ ರಾಜಕೀಯ ಪಾಠಕ್ಕೆ ಅಂತ ಎಲ್ಲಿಗೋ ಕರ್ಕೊಂಡು ಹೋದ್ರು. ಹೆದರಿಸಿದ್ರೆ ನಿಲ್ಲುತ್ತೆ ಅಂದ್ಕೊಂಡ್ರೇನೋ, ಆಗಿದ್ದು ಉಲ್ಟಾ, 2012 ಒಂದೇ ವರ್ಷದಲ್ಲಿ 80ಕ್ಕೂ ಹೆಚ್ಚು. ಶುರುವಿನಲ್ಲಿ ಭಿಕ್ಷುಗಳು, ಆಮೇಲೆ ಭಿಕ್ಷುಣಿಯರು, ರೈತರು, ದನ ಮೇಯಿಸೋರು, ಶಾಲೆ ಹುಡುಗಿಯರು, ಮಕ್ಕಳಿದ್ದ ತಾಯಂದಿರು. ಅವರ ಕೂಗು ಹೆಚ್ಚುಕಮ್ಮಿ ಒಂದೇ, ದಲೈ ಲಾಮಾ ವಾಪಸ್ ಬರಬೇಕು, ಟಿಬೆಟ್‌ಗೆ ಸ್ವಾತಂತ್ರ್ಯ ಬೇಕು, ನಮ್ಮ ಭಾಷೆ ಉಳೀಬೇಕು. ಬೇರೆ ಯಾರನ್ನೂ ಗಾಯಗೊಳಿಸಬಾರದು ಅನ್ನೋ ಎಚ್ಚರ ಅವರಲ್ಲಿ ಎದ್ದು ಕಾಣುತ್ತೆ, ಆದ್ರೂ ಬೀಜಿಂಗ್ ಇದನ್ನ ಮಾರುವೇಷದ ಭಯೋತ್ಪಾದನೆ ಅಂತ ಕರೀತು.

ಚೀನಾ ಇಲ್ಲಿ ಯುರೋಪಿನ ಹಳೇ ಸರ್ಕಾರಗಳನ್ನ ಮೀರಿಸ್ತು. ಹುಚ್ಚರು ಅಂತ ಹೇಳೋದ್ರ ಜೊತೆಗೆ ಕಾನೂನನ್ನೇ ತಿರುಗಿಸ್ತು. ಫುಂತ್ಸೋಗ್‌ನನ್ನ ಆಸ್ಪತ್ರೆಗೆ ಕಳಿಸದೆ ಬಚ್ಚಿಟ್ರು ಅಂತ ಅವನ ಸ್ವಂತ ಮಾವನಿಗೆ ಉದ್ದೇಶಪೂರ್ವಕ ಕೊಲೆ ಕೇಸಿನಲ್ಲಿ 11 ವರ್ಷ ಜೈಲು. 2012ರ ಕೊನೆಯಲ್ಲಿ ಸುಪ್ರೀಂ ಕೋರ್ಟ್, ಪ್ರಾಸಿಕ್ಯೂಷನ್ ಮತ್ತು ಪೊಲೀಸ್ ಇಲಾಖೆ ಒಟ್ಟಿಗೆ ಆದೇಶ ಹೊರಡಿಸಿದ್ವು, ಪ್ರಚೋದನೆ ಕೊಟ್ಟೋರು, ನೆರವಾದೋರು ಎಲ್ಲಾ ಕೊಲೆಗಾರರೇ ಅಂತ. ಮರುವರ್ಷ ಝೋಗೆ ಜಿಲ್ಲೆಯಲ್ಲಿ ಬಂದ ನಿಯಮದ ಪ್ರಕಾರ ಸತ್ತವರ ಮನೆಯವರಿಗೆ ಸರ್ಕಾರಿ ಕೆಲಸ, ಸಾಲ, ಸವಲತ್ತು ಬಂದ್, ಇಡೀ ಹಳ್ಳಿಗೇ ದಂಡ. ಇದರ ಭಾರ ಎಷ್ಟು ಅಂತ ಒಂದು ಕ್ಷಣ ಯೋಚಿಸಿ, ಒಬ್ಬ ಹುಡುಗ ತನ್ನ ಪ್ರಾಣ ಕೊಡೋಕೆ ಸಿದ್ಧ ಇರಬಹುದು, ಆದ್ರೆ ತಂಗಿಯ ಓದು, ಅಪ್ಪನ ಜಮೀನು, ಪಕ್ಕದ ಮನೆಯವರ ಅನ್ನ ಎಲ್ಲವನ್ನೂ ಕೊಡೋಕೆ ಅವನಿಗೆ ಹಕ್ಕಿದೆಯಾ? ಆ ಪ್ರಶ್ನೆಯನ್ನ ಅವನ ಎದೆಗೆ ತುರುಕಿದ್ದೇ ಆ ಕಾನೂನು. ಟಿಬೆಟ್ ರಾಜಧಾನಿ ಲಾಸಾದ ಬೀದಿಗಳಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಹಿಡಿದ ಪೊಲೀಸರ ಗಸ್ತು, ಮೊಬೈಲ್ ಚೆಕ್, ಒಂದು ಫೋಟೋ ಹೊರಗೆ ಕಳಿಸಿದ್ರೆ ವರ್ಷಗಟ್ಟಲೆ ಜೈಲು. 2013ರ ನಂತರ ಸಂಖ್ಯೆ ಇಳಿಯಿತು, ಈಗೀಗ ತೀರಾ ಅಪರೂಪ. ಇದನ್ನ ತೋರಿಸಿ ಟಿಬೆಟ್ ಶಾಂತ ಆಯ್ತು ಅನ್ನೋರಿದ್ದಾರೆ, ಇಳಿಕೆಗೆ ಕಾರಣವಾದ ಈ ಪಟ್ಟಿಯಲ್ಲಿ ಟಿಬೆಟನ್ನರ ಒಂದು ಬೇಡಿಕೆ ಈಡೇರಿದ್ದಾದ್ರೂ ಇದೆಯಾ ಅಂತ ಅವರನ್ನ ಕೇಳಬೇಕು.

ಇದನ್ನ ನಿಲ್ಲಿಸಿ ಅಂತ ಟಿಬೆಟನ್ನರೇ ಕೈಮುಗಿದು ಕೇಳಿದ್ದೂ ಇದೆ. 2011ರಲ್ಲಿ ಟಿಬೆಟನ್ ಧರ್ಮಗುರು ಕರ್ಮಾಪಾ ಕೇಳಿದ್ರು, 2012ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿರೋ ಟಿಬೆಟನ್ ಲೇಖಕಿ ವೋಸೆರ್ ಮತ್ತಿಬ್ಬರ ಜೊತೆ ಸೇರಿ ಬಹಿರಂಗ ಪತ್ರ ಬರೆದ್ರು, ಜೀವ ಉಳಿಸ್ಕೊಳ್ಳಿ, ಬದುಕಿದ್ರೆ ತಾನೇ ಜನಾಂಗ ಉಳಿಯೋದು ಅನ್ನೋ ಧಾಟಿಯಲ್ಲಿ. ದಲೈ ಲಾಮಾ ಪ್ರೋತ್ಸಾಹ ಕೊಡಲಿಲ್ಲ, ಸತ್ತವರನ್ನ ಖಂಡಿಸಲೂ ಇಲ್ಲ, ಖಂಡಿಸಿದ್ರೆ ಮಗನನ್ನ ಕಳ್ಕೊಂಡ ಮನೆಯವರಿಗೆ ಇನ್ನೊಂದು ಪೆಟ್ಟು ಕೊಟ್ಟ ಹಾಗೆ ಅನ್ನೋದು ಅವರ ಕಷ್ಟ. ಅವರ ಆ ಮೌನವನ್ನ ಬೀಜಿಂಗ್ ಕುಮ್ಮಕ್ಕು ಅಂತ ಓದಿತು. ನನ್ನ ಮನಸ್ಸು ವೋಸೆರ್ ಕಡೆಗೇ ವಾಲುತ್ತೆ. ಕೇಳಿಸಿಕೊಳ್ಳೋ ಕಿವಿಗಳನ್ನೆಲ್ಲಾ ಮೊದಲೇ ಮುಚ್ಚಿಟ್ಟ ಸರ್ಕಾರದ ಮುಂದೆ ಪ್ರಾಣ ಕೊಟ್ರೆ ಕಳ್ಕೊಳ್ಳೋದು ಸಮುದಾಯವೇ, ಅದೂ ತನ್ನಲ್ಲಿದ್ದ ಅತಿ ನಿಷ್ಠಾವಂತ ಜೀವಗಳನ್ನ.

ಕರ್ನಾಟಕಕ್ಕೆ ಇದು ದೂರದ ಸುದ್ದಿ ಅಲ್ಲ. 1960ರ ದಶಕದ ಶುರುವಿನಲ್ಲಿ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರಿಗೆ ಜಮೀನು ಕೊಡ್ತು, ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆ ಶಿಬಿರಗಳಾದವು. ಲಾಸಾದ ಸೆರಾ ಮಠ ಮತ್ತೆ ಎದ್ದಿದ್ದು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ. ನಾವು ಭಾನುವಾರ ಗೋಲ್ಡನ್ ಟೆಂಪಲ್ ನೋಡಿ ಮೊಮೊ ತಿಂದು ಬರ್ತೀವಿ, ಅಲ್ಲಿ ಓದ್ತಿರೋ ಎಷ್ಟೋ ಭಿಕ್ಷುಗಳ ಅಪ್ಪ ಅಮ್ಮ ಇನ್ನೂ ಗಡಿಯಾಚೆಗೇ ಇದ್ದಾರೆ. ಊರಿಗೆ ಫೋನ್ ಮಾಡೋಕೂ ಹೆದರಿಕೆ, ಹೊರದೇಶದವರ ಜೊತೆ ಮಾತಾಡಿದ್ರು ಅಂತ ಆ ಕಡೆ ಫೋನ್ ಎತ್ತಿದವರನ್ನ ಪೊಲೀಸ್ ಕರೆಸ್ತಾರೆ. ಹೊರಗೆ ಸುದ್ದಿ ತರ್ತಿದ್ದ ದಾರಿ ಇದೇ ಆಗಿತ್ತು, ಒಂದು ಫೋನ್ ಕಾಲ್, ಚೀನಾದ ವೀಚಾಟ್ ಆ್ಯಪ್ ಮೇಲೆ ಒಂದು ಮೆಸೇಜ್, ಈಗ ಅದೂ ಹೆಚ್ಚುಕಮ್ಮಿ ಬಂದ್.

ನಮ್ಮ ನೆಲದಲ್ಲೂ ಇಂಥ ಸಾವು ಆಗಿದೆ. 1998ರಲ್ಲಿ ದೆಹಲಿಯ ಟಿಬೆಟನ್ ಉಪವಾಸ ಶಿಬಿರವನ್ನ ಪೊಲೀಸರು ಎತ್ತಿಸೋಕೆ ಬಂದಾಗ ಥುಪ್ತೆನ್ ಙೋದುಪ್, 2012ರ ಮಾರ್ಚ್ 26ಕ್ಕೆ ಆಗಿನ ಚೀನಾ ಅಧ್ಯಕ್ಷ ಹು ಜಿಂತಾವ್ ಬ್ರಿಕ್ಸ್ ಸಭೆಗೆ ಬರೋ ಹೊತ್ತಿಗೆ ಜಂಫೆಲ್ ಯೆಶಿ. ಜಂಫೆಲ್ ಯೆಶಿ ಫೋಟೋ ಮಾರನೇ ದಿನ ಜಗತ್ತಿನ ಪತ್ರಿಕೆಗಳಲ್ಲಿ ಬಂತು, ಯಾಕಂದ್ರೆ ಅಲ್ಲಿ ಕ್ಯಾಮೆರಾ ಇತ್ತು. ಅದೇ ತಿಂಗಳು ಟಿಬೆಟ್ ಒಳಗೆ ಸತ್ತವರದ್ದು ಮಸುಕು ಮಸುಕಾದ ಮೊಬೈಲ್ ಚಿತ್ರ, ಇಲ್ಲಾ ಬರೀ ಹೆಸರು.

ಇತ್ತೀಚಿನದ್ದು ಅಂದ್ರೆ 2022. ಫೆಬ್ರವರಿ 25ಕ್ಕೆ ಲಾಸಾದ ಪೊಟಾಲಾ ಅರಮನೆ ಮುಂದೆ ತ್ಸೆವಾಂಗ್ ನೊರ್ಬು, 25 ವರ್ಷದ ಪಾಪ್ ಗಾಯಕ, ಚೀನಾದ ಟಿವಿ ಶೋಗಳಲ್ಲಿ ಹಾಡಿದ್ದವರು, ಟ್ವಿಟರ್ ಥರದ ಚೀನಾದ ವೈಬೋದಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು. ವ್ಯವಸ್ಥೆಯಲ್ಲಿ ಜಾಗ ಸಿಕ್ಕಿ, ಹೆಸರು ದುಡ್ಡು ಎರಡೂ ಇದ್ದ ಹುಡುಗ, ಹಾಗಾಗಿ ಬಡತನ, ಹತಾಶೆ, ಮಠದವರ ಕುಮ್ಮಕ್ಕು ಅನ್ನೋ ಯಾವ ರೆಡಿಮೇಡ್ ವಿವರಣೆಯೂ ಇಲ್ಲಿ ಕೂರಲ್ಲ. ಅವರ ಪೇಜಿನಲ್ಲಿ ಕಾಮೆಂಟ್ ಬಂದ್ ಮಾಡಿದ್ರು. ಒಂದು ತಿಂಗಳಿಗೆ ನ್ಗಾಬಾದಲ್ಲಿ, ಕೀರ್ತಿ ಮಠದ ಹತ್ರಾನೇ, 81 ವರ್ಷದ ಒಬ್ಬ ಅಜ್ಜ. ಆ ಸುದ್ದಿ ಟಿಬೆಟನ್ನರ ಗಡೀಪಾರು ಸರ್ಕಾರ ಇರೋ ಧರ್ಮಶಾಲಾ ತಲುಪೋಕೆ ದಿನಗಳು ಹಿಡೀತು, ಹೊರಗಿನ ಬಹುಪಾಲು ಪತ್ರಿಕೆಗಳಲ್ಲಿ ಆಗ ಮುಖಪುಟದ ತುಂಬಾ ಉಕ್ರೇನ್ ಯುದ್ಧ ಇತ್ತು.